ಅಂಗಿ ಬಿಚ್ಚದ ಶರಣರು

ಬೆಂಗೇರಿಯ ಗುರುಬಸವ ಶರಣರು ಅಂಗಿ ಬಿಚ್ಚಿದ್ದನ್ನು ಕಂಡವರು ಯಾರೂ ಇರಲಿಲ್ಲ. ಹುಬ್ಬಳ್ಳಿಯ ಬೇಸಿಗೆ ಎಂಥದ್ದೆಂದು ಉಂಡವರಿಗೇ ಗೊತ್ತು. ಏಪ್ರಿಲ್ ಬಂತೆಂದರೆ ಎಪಿಎಂಸಿಯ ದಲಾಲರು ಅಂಗಡಿ ಕಟ್ಟೆಯ ಮೇಲೆ ಬರೀ ಬನಿಯನ್ನಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾರೆ. ಹಮಾಲರಂತೂ ಅದನ್ನೂ ಕಿತ್ತು ಹೆಗಲಿಗೆ ಹಾಕಿಕೊಂಡಿರುತ್ತಾರೆ. ಕಾಳಿನ ದಲಾಲಿ ಮಾಡುವ ಗುರುಬಸವ ಮಾತ್ರ ಕುತ್ತಿಗೆಯ ಗುಂಡಿಯವರೆಗೆ ಬಿಗಿದ ದಪ್ಪ ಖಾದಿ ಅಂಗಿ, ಅದರ ಮೇಲೊಂದು ಶಲ್ಯ ಹೊದ್ದು ಕೂತಿರುತ್ತಿದ್ದ. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿನೊಳಗೆ ಮಾಯವಾಗುತ್ತಿತ್ತು. ನೋಡಿದವರು ಕೈ ಮುಗಿಯುತ್ತಿದ್ದರು. "ದೇಹದ ಪರಿವೀನ ಇಲ್ರಿ ಅವರಿಗೆ. ಶರಣರಂದ್ರ ಹಿಂಗಿರಬೇಕು" ಎನ್ನುತ್ತಿದ್ದರು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುರುಬಸವನಿಗೆ ದೇಹದ ಪರಿವೆ ಇಲ್ಲವೆಂಬುದು ಶುದ್ಧ ಸುಳ್ಳು. ನಲವತ್ತಾರು ವರ್ಷದ ಆ ಮನುಷ್ಯನಿಗೆ ಬೆಳಗಿನಿಂದ ಸಂಜೆಯವರೆಗೆ ಇದ್ದದ್ದೇ ಆ ಒಂದು ಪರಿವೆ.

ಅದು ಶುರುವಾದದ್ದು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿ, ಅವನು ಹದಿಮೂರರ ಹುಡುಗನಾಗಿದ್ದಾಗ. ಊರಿನ ಹುಡುಗರೆಲ್ಲ ಗರಡಿ ಮನೆಗೆ ಹೋಗುತ್ತಿದ್ದರು, ಇವನೂ ಹೋದ. ಲಂಗೋಟಿ ಕಟ್ಟಿ ಕೆಮ್ಮಣ್ಣಿನಲ್ಲಿ ಇಳಿದಾಗ ಅವನ ಎದೆಯ ಎರಡೂ ಬದಿ ಹುಣಸೆಬೀಜದಷ್ಟು ಗಟ್ಟಿಯಾಗಿ, ಮೇಲೆ ತುಸು ಉಬ್ಬಿಕೊಂಡಿದ್ದವು. ಮುಟ್ಟಿದರೆ ನೋಯುತ್ತಿದ್ದವು. ಜೋಡಿಯಾಗಿ ಕುಸ್ತಿಗೆ ನಿಂತ ಹುಡುಗ ಹಿಡಿಯಲು ಬಂದವನು ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ ಕೂಗಿದ: "ಲೇ, ಇವಗೊಂದು ಕುಬಸ ಹೊಲಸ್ರಲೇ!"

ಇಡೀ ಗರಡಿ ನಕ್ಕಿತು. ಹುಡುಗರ ನಗೆ, ಅರ್ಧ ಗಳಿಗೆಯದು. ನಕ್ಕವರು ಮರುದಿನವೇ ಮರೆತಿರಬೇಕು. ಗುರುಬಸವ ಮಾತ್ರ ಮೈಮೇಲಿನ ಮಣ್ಣು ತೊಳೆಯದೆ ಅಂಗಿ ಹಾಕಿಕೊಂಡು ಮನೆಗೆ ಓಡಿದ. ಅವತ್ತು ಹಾಕಿದ ಗುಂಡಿ ಮತ್ತೆ ಬಿಚ್ಚಲಿಲ್ಲ.

ಅಪ್ಪನ ಹಳೆಯ ಧೋತರವನ್ನು ಪಟ್ಟಿಯಾಗಿ ಹರಿದು ಎದೆಗೆ ಬಿಗಿದು ಸುತ್ತುವುದನ್ನು ಕಲಿತ. ಅದರ ಮೇಲೆ ಎರಡು ಬನಿಯನ್, ಅದರ ಮೇಲೆ ಅಂಗಿ. ಸ್ನಾನ ಬೆಳಕು ಹರಿಯುವ ಮುಂಚೆ, ದೀಪ ಹಚ್ಚದೆ. ಲಿಂಗಪೂಜೆಗೆ ಮನೆಯ ಗಂಡಸರೆಲ್ಲ ಬರಿ ಮೈಯಲ್ಲಿ ಸಾಲಾಗಿ ಕೂರುತ್ತಿದ್ದರೆ ಇವನು ಬಾಗಿಲು ಹಾಕಿಕೊಂಡು ಒಬ್ಬನೇ ಕೂರುತ್ತಿದ್ದ. ಏಕಾಂತದ ಸಾಧನೆ ಎಂದರು ಹಿರಿಯರು. ಹುಡುಗ ಸಾಧಕನಾದರೆ ಯಾರು ಬೇಡವೆನ್ನುತ್ತಾರೆ?

ಮದುವೆಯ ವಯಸ್ಸು ಬಂತು. ನಮ್ಮ ಕಡೆ ಮದುವೆಯೆಂದರೆ ಸುರಗಿ ಇಲ್ಲದೆ ಆಗುವುದಿಲ್ಲ. ಅಂಗಳದ ನಾಲ್ಕು ಮೂಲೆಗೆ ನಾಲ್ಕು ತಾಮ್ರದ ಚರಗಿ ಇಟ್ಟು, ಅವುಗಳ ಸುತ್ತ ಹಸಿ ನೂಲು ಸುತ್ತಿ, ಒಳಗೆ ಮಣೆಯ ಮೇಲೆ ಮದುಮಗನನ್ನು ಬರಿ ಮೈಯಲ್ಲಿ ಕೂರಿಸಿ, ಮುತ್ತೈದೆಯರು ಅರಿಷಿಣ ಹಚ್ಚಿ ನೀರೆರೆಯುತ್ತಾರೆ. ಬೀಗರು, ನೆಂಟರು, ಓಣಿಯವರು ಸುತ್ತ ನಿಂತು ನೋಡುತ್ತಾರೆ. ಎಲ್ಲರಿಗೂ ಅದು ನಗೆಚಾಟಿಕೆಯ ಹೊತ್ತು. ಗುರುಬಸವನಿಗೆ ಅದನ್ನು ನೆನೆದರೇ ಜ್ವರ ಬರುತ್ತಿತ್ತು. ಬಂದ ಕನ್ಯೆಗಳಿಗೆಲ್ಲ ಏನೋ ನೆವ ತೆಗೆದು ಬೇಡವೆಂದ.

ಒಬ್ಬಳ ವಿಷಯದಲ್ಲಿ ಮಾತ್ರ ನೆವ ಬಾಯಿಗೆ ಬರಲಿಲ್ಲ. ಅಕ್ಕ ಶಿವಬಸವ್ವನ ಗಂಡನ ಕಡೆಯ ಹುಡುಗಿ, ಉಮಾಶ್ರೀ. ಅವನಿಗೆ ಆಗ ಮೂವತ್ತನಾಲ್ಕು. ಅಕ್ಕ ಉಣಕಲ್ಲಿನ ತನ್ನ ಮನೆಯಲ್ಲೇ ನೋಡುವ ಶಾಸ್ತ್ರ ಇಟ್ಟಿದ್ದಳು. ಹುಡುಗಿ ಅವಲಕ್ಕಿಯ ತಟ್ಟೆ ತಂದಳು, ಎದುರಿಗೆ ಬಗ್ಗಿ ಇಟ್ಟಳು. ಗುರುಬಸವ ರೂಢಿಯಂತೆ ನೆಲ ನೋಡುತ್ತ ಕೂತಿದ್ದ. ಕಂಡದ್ದು ಅವಳ ಕೈಬೆರಳು, ಹಸಿರು ಬಳೆ, ಇಷ್ಟೇ. ಅಷ್ಟರಲ್ಲಿ ಆ ಹುಡುಗಿ, ಹೆಣ್ಣು ಸುಮ್ಮನಿರಬೇಕೆಂಬ ಶಾಸ್ತ್ರವನ್ನೆಲ್ಲ ಮರೆತು, ಸಣ್ಣಗೆ ಕೇಳಿದಳು: "ಗುಂಡಿ ಇಷ್ಟು ಬಿಗದ ಹಾಕ್ಕೊಂಡೀರಲ್ಲ, ಶಕಿ ಆಗೂದಿಲ್ಲೇನ್ರಿ?"

ಅವನ ಇಡೀ ಬದುಕಿನಲ್ಲಿ ಶೆಕೆ ಆಗುತ್ತದೆಯೇ ಎಂದು ಕೇಳಿದವರು ಅವಳೊಬ್ಬಳೇ. ಅದು ಅಕ್ಕರೆಯ ಮಾತು ಎಂದು ಅವನಿಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆ ಹೊತ್ತಿಗೆ ಹೊಳೆದದ್ದು ಒಂದೇ, ಇವಳ ಕಣ್ಣಿಗೆ ಬಿತ್ತು ಎಂದು. ಮುಖ ಆ ಕಡೆ ತಿರುಗಿಸಿದ. ಅವಲಕ್ಕಿ ಮುಟ್ಟಲಿಲ್ಲ. ಮನೆಗೆ ಹೋಗಿ ಬೇಡವೆಂದು ಹೇಳಿ ಕಳಿಸಿದ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಅವಳ ಬಳೆಯ ಸದ್ದನ್ನು ಮಾತ್ರ ತಿಂಗಳುಗಟ್ಟಲೆ ಕೇಳುತ್ತಲೇ ಇದ್ದ.

ಮನೆತನದ ಅಯ್ಯನವರು ಗುರುಸಿದ್ದಯ್ಯ. ಯಾವ ಮಾತಿಗೂ ತಡವರಿಸಿದವರಲ್ಲ. ಅಕ್ಕ ಕಣ್ಣೀರು ಹಾಕುತ್ತ ಅವರ ಮುಂದೆ ಕೂತಾಗ ಕ್ಷಣಹೊತ್ತು ಕಣ್ಣು ಮುಚ್ಚಿ, ಆಮೇಲೆ ಅಪ್ಪಣೆ ಕೊಟ್ಟರು: "ಅವನ ತಂಟೆಕ ಹೋಗಬ್ಯಾಡ್ರವ್ವಾ. ಅಂವಗ ಸಂಸಾರದ ಆಶಾ ಇಲ್ಲ. ವೈರಾಗ್ಯ ಹುಟ್ಟಿನಿಂದನ ಬಂದೈತಿ."

ಹೀಗೆ ನಾಚಿಕೆ ವೈರಾಗ್ಯವಾಯಿತು. ಧೋತರದ ಪಟ್ಟಿ ಕಟ್ಟಿಕೊಂಡವನು ಶರಣನಾದ. ಶ್ರಾವಣದಲ್ಲಿ ಪ್ರವಚನಕ್ಕೆ ಕರೆದರು, ಹೋಗಿ ನಾಲ್ಕು ಮಾತಾಡಿದ. ಗೃಹಪ್ರವೇಶಕ್ಕೆ ಕರೆದು ಶಾಲು ಹೊದಿಸಿದರು, ಮೈಮೇಲೆ ಇನ್ನೊಂದು ಪದರು ಬಂತೆಂದು ಒಳಗೊಳಗೇ ನೆಮ್ಮದಿಪಟ್ಟ. ಶರಣನಿಗೆ ಕನ್ಯೆ ತೋರಿಸುವವರಿಲ್ಲ, ಅಂಗಿ ಬಿಚ್ಚೆನ್ನುವವರಿಲ್ಲ. ಸುಳ್ಳು ಇಷ್ಟು ಬೆಚ್ಚಗಿದ್ದರೆ ಯಾರು ತಾನೇ ಎದ್ದು ಹೊರಗೆ ಬರುತ್ತಾರೆ?

ಆದರೆ ಅದರ ಸುಂಕ ಸಣ್ಣದಾಗಿರಲಿಲ್ಲ. ಅವನು ಬಂದರೆ ಕಟ್ಟೆಯ ಮೇಲಿನ ಇಸ್ಪೀಟು ಎಲೆಗಳು ಜಮಖಾನದ ಕೆಳಗೆ ಹೋಗುತ್ತಿದ್ದವು. ನಗುತ್ತಿದ್ದವರು ಬಾಯಿ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದರು. ಸಂಜೆ ಎಲ್ಲರೂ ಸೇರಿ ಗಿರಮಿಟ್ಟು ಮಿರ್ಚಿ ತಿನ್ನಲು ಹೋಗುವಾಗ ಶರಣರನ್ನು ಕರೆಯುವುದು ತಪ್ಪೆಂದು ಯಾರೂ ಕರೆಯುತ್ತಿರಲಿಲ್ಲ. ಬೆಂಗೇರಿಯ ಮನೆಯಲ್ಲಿ ಒಬ್ಬನೇ ಅಡುಗೆ ಮಾಡಿಕೊಂಡು, ಒಬ್ಬನೇ ಉಂಡು, ಒಂದೇ ತಟ್ಟೆ ತೊಳೆದು ಬೋರಲು ಹಾಕುತ್ತಿದ್ದ. ಪಾದ ಮುಟ್ಟುವವರು ದಿನಾ ಸಿಗುತ್ತಿದ್ದರು. ಹೆಗಲ ಮೇಲೆ ಕೈ ಹಾಕಿದವರು ಯಾರೂ ಇಲ್ಲ. ಮನುಷ್ಯರ ಕೈ ಅವನಿಗೆ ಪಾದದಿಂದ ಮೇಲೆ ತಾಗಿ ಎಷ್ಟು ವರ್ಷವಾಗಿತ್ತೋ, ಅವನಿಗೇ ನೆನಪಿರಲಿಲ್ಲ.

ಈ ವರ್ಷ ಯುಗಾದಿ ಮುಗಿದ ಮೇಲೆ ಶಿವಬಸವ್ವ ಬೆಂಗೇರಿಗೆ ಬಂದಳು. ಮಗ ವಿಶಾಲನ ಮದುವೆ ನಿಶ್ಚಯವಾಗಿತ್ತು. ಗಂಡ ತೀರಿಹೋಗಿ ಎರಡು ವರ್ಷ. ಸುರಗಿಯಲ್ಲಿ ಮದುಮಕ್ಕಳ ಪಕ್ಕ ಸೋದರಮಾವನೂ ಕೂರುವುದು ಅವರ ಮನೆತನದ ರೂಢಿ. ಅವಳ ಎರಡು ಹೆಣ್ಣುಮಕ್ಕಳ ಮದುವೆಯಲ್ಲಿ ಗುರುಬಸವ ಒಮ್ಮೆ ಜ್ವರವೆಂದಿದ್ದ, ಒಮ್ಮೆ ಮೌನವ್ರತವೆಂದಿದ್ದ.

"ಈ ಸಲ ಯಾವ ವ್ರತಾನೂ ನಡಿಯೂದಿಲ್ಲ ತಮ್ಮಾ" ಎಂದಳು ಅಕ್ಕ. "ಅಪ್ಪ ಇಲ್ಲದ ಹುಡುಗ. ನೀ ಸುರಗ್ಯಾಗ ಕುಂಡ್ರಲಿಲ್ಲಂದ್ರ ಆ ಮಣಿ ಖಾಲಿ ಉಳೀತೈತಿ. ನೀ ಊರಿಗೆಲ್ಲ ಶರಣ ಆಗಿರು, ನನಗ ಮಾತ್ರ ತಮ್ಮ."

ಅವಳು ಹೋದ ಮೇಲೆ ಗುರುಬಸವ ಬಹಳ ಹೊತ್ತು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತ. ಆಮೇಲೆ ಮೊಬೈಲಿನಲ್ಲಿ ಹುಡುಕಿದ. ಗಂಡಸರ ಎದೆ ಇಳಿಸುವ ಆಪರೇಶನ್ ಒಂದಿದೆಯೆಂದು ಅವನಿಗೆ ವರ್ಷಗಳಿಂದ ಗೊತ್ತಿತ್ತು, ವಿಡಿಯೊಗಳನ್ನೂ ಕದ್ದು ನೋಡಿದ್ದ. ಅದರಲ್ಲಿ ಯಾರು ಯೋಗ್ಯರು, ಯಾರು ಅಲ್ಲ ಎಂದು ಹೇಳುತ್ತಿದ್ದರು. ಬೀಡಿ ಸಿಗರೇಟು ಸೇದಬಾರದು, ತೂಕ ಏರಿಳಿತ ಇರಬಾರದು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಒಂದು ಆಪರೇಶನ್ನಿನಿಂದ ಇಡೀ ಬಾಳು ಬದಲಾದೀತೆಂದು ನಂಬಿರಬಾರದು. ಗುರುಬಸವ ಕೊನೆಯದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ತಲೆಯಾಡಿಸಿದ. ಮದುವೆಗೆ ಇನ್ನೂ ಎಂಟು ವಾರ ಇತ್ತು. ಗಾಯ ಮಾಯಲು ಸಾಕು. ಒಮ್ಮೆ ಅದು ಹೋಯಿತೆಂದರೆ ಸುರಗಿಯಲ್ಲಿ ಕೂರಬಹುದು, ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂರಬಹುದು, ಯಾರಾದರೂ ಮಿರ್ಚಿ ತಿನ್ನಲು ಕರೆದಾರು. ಈ ವಯಸ್ಸಿನಲ್ಲೂ, ಯಾರಿಗೆ ಗೊತ್ತು, ಒಂದು ಸಂಸಾರ ಆದೀತು.

ಹುಬ್ಬಳ್ಳಿಯಲ್ಲಿ ತೋರಿಸಿದರೆ ಹತ್ತು ಮಂದಿ ನಮಸ್ಕಾರ ಮಾಡುತ್ತಾರೆಂದು ಧಾರವಾಡದ ಒಂದು ಸಣ್ಣ ಆಸ್ಪತ್ರೆಗೆ ಫೋನು ಮಾಡಿದ. "ಡಾಕ್ಟರ್ ಶುಕ್ರವಾರ ಇರ್ತಾರ, ಬರ್ರಿ" ಎಂದರು. ಹೋದ. ಒಳಗೆ ಕರೆದಾಗ ಕುರ್ಚಿಯಲ್ಲಿ ಕೂತಿದ್ದವರು ಹೆಂಗಸು. ಐವತ್ತು ದಾಟಿದ, ಅರ್ಧ ನರೆತ ಕೂದಲಿನ ಡಾಕ್ಟರ್ ಸುಹಾಸಿನಿ. ಗುರುಬಸವನ ಕಾಲು ಹೊಸ್ತಿಲಲ್ಲೇ ನಿಂತವು. ಗರಡಿ ಬಿಟ್ಟ ಮೇಲೆ ತನ್ನ ಎದೆಯನ್ನು ಮೊದಲು ನೋಡುವವರು ಹೆಂಗಸಾಗಬೇಕೇ? ದೇವರಿಗೂ ಚೇಷ್ಟೆ ಮಾಡಲು ಬೇರೆ ಯಾರೂ ಸಿಗಲಿಲ್ಲವೇ ಎನಿಸಿತು.

"ಬರ್ರಿ, ಕೂಡ್ರಿ. ಅಂಜಬ್ಯಾಡ್ರಿ. ಇಲ್ಲೆ ಎಲ್ಲಾರೂ ನಿಮ್ಹಂಗ ಬಾಗಲದಾಗ ನಿಂತ ಬರ್ತಾರ" ಎಂದರು ಡಾಕ್ಟರು.

ಚಟ ಕೇಳಿದರು. ಎಲೆ ಅಡಿಕೆಯೂ ಇಲ್ಲವೆಂದ. ಸಕ್ಕರೆ ಇಲ್ಲ, ರಕ್ತದೊತ್ತಡ ಇಲ್ಲ, ಯಾವ ಗುಳಿಗೆಯೂ ಇಲ್ಲ. ತೂಕ ಹತ್ತು ವರ್ಷದಿಂದ ಅಷ್ಟೇ. ಒಂದೊಂದಕ್ಕೂ ಡಾಕ್ಟರು "ಛಲೋ" ಎನ್ನುತ್ತ ಹೋದಂತೆ ಗುರುಬಸವನಿಗೆ ಪರೀಕ್ಷೆಯಲ್ಲಿ ಪಾಸಾಗುತ್ತಿರುವ ಹುಡುಗನ ಹುರುಪು ಬಂತು.

"ಹಂಗಾರ ನಾ ಯೋಗ್ಯ ಅದೀನೇನ್ರಿ ಬಾಯಾರ?"

"ನೋಡಿ ಹೇಳ್ತೀನಿ. ಅಂಗಿ ತಗೀರಿ."

ಶಲ್ಯ ತೆಗೆದ. ಅಂಗಿ ತೆಗೆದ. ಒಂದು ಬನಿಯನ್, ಇನ್ನೊಂದು ಬನಿಯನ್. ಧೋತರದ ಪಟ್ಟಿಯ ಗಂಟು ಬೆವರಿಗೆ ಬಿಗಿದುಕೊಂಡಿತ್ತು. ಅವನಿಗೆ ಬಿಚ್ಚಲಾಗದಾಗ ಡಾಕ್ಟರೇ ಎದ್ದು ಬಂದು ಬಿಚ್ಚಿದರು. ಪಟ್ಟಿ ಕಟ್ಟಿದ ಕಡೆಯೆಲ್ಲ ಚರ್ಮ ಕಪ್ಪಾಗಿ ಬರೆ ಬಿದ್ದಿತ್ತು. ಗುರುಬಸವ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತ. ಅವರು ಬೆರಳಿನಿಂದ ಒತ್ತಿ ನೋಡಿದರು, ಕೈ ಮೇಲೆತ್ತಿಸಿದರು, ಪಕ್ಕಕ್ಕೆ ತಿರುಗಿಸಿದರು, ದೀಪ ಹತ್ತಿರ ತಂದರು.

"ಯಾವ ಕಡೆ ಅಂತೀರಿ?"

"ಎರಡೂ ಕಡೆ ರಿ."

"ಎಲ್ಲೆ, ತೋರಸ್ರಿ."

ನೋಡದೆಯೇ ಬೆರಳು ಮಾಡಿದ. ಡಾಕ್ಟರು ಮತ್ತೆ ಒತ್ತಿದರು. ಆಮೇಲೆ ಒಂದು ಮಶಿನ್ನನ್ನೂ ಆಡಿಸಿ ನೋಡಿದರು. ಕೊನೆಗೆ ಕುರ್ಚಿಯಲ್ಲಿ ಕೂತು, ಅಂಗಿ ಹಾಕಿಕೊಳ್ಳಲು ಹೇಳಿ, ಮೆತ್ತಗೆ ಅಂದರು: "ಇಲ್ಲೆ ಏನೂ ಇಲ್ರಿ."

ಗುರುಬಸವನಿಗೆ ತಿಳಿಯಲಿಲ್ಲ.

"ಹದಿಮೂರು ಹದಿನಾಲ್ಕರಾಗ ಭಾಳ ಹುಡುಗರಿಗೆ ಹಿಂಗ ಉಬ್ಬತದ. ವರ್ಷ ಎರಡು ವರ್ಷದಾಗ ತಾನ ಇಳೀತದ. ನಿಮ್ಮದೂ ಯಾವಾಗೋ ಇಳದದ. ಕೆಲವರಿಗೆ ಇಳಿಯೂದಿಲ್ಲ, ಅಂಥವರಿಗೆ ನಾ ಆಪರೇಶನ್ ಮಾಡ್ತೀನಿ, ಅವರಿಗೆ ಅದು ಬೇಕ ಬೇಕು. ನೀವು ಅವರಾಗ ಒಬ್ಬರಲ್ಲ. ಇದು ನಿಮ್ಮ ವಯಸ್ಸಿನ ಯಾವ ಗಂಡಸಿಗೂ ಇರೂ ಎದಿ."

"ಇನ್ನೊಮ್ಮೆ ಸರಿಯಾಗಿ ನೋಡ್ರಿ ಬಾಯಾರ."

"ನೋಡೀನಿ."

"ಒಂದೀಟರ ತಗೀರಿ. ಭಾಳ ಬ್ಯಾಡ, ಒಂದೀಟು." ಊರಿಗೆ ಉಪದೇಶ ಹೇಳುವ ಶರಣರು ಕೈ ಮುಗಿದು ನಿಂತಿದ್ದರು.

"ಇದ್ದದ್ದನ್ನ ತೆಗೀಬಹುದು. ಇಲ್ಲದ್ದನ್ನ ತೆಗದ್ರ ಅದು ಗಾಯ ಆಗ್ತದ. ಆಮ್ಯಾಲ ಆ ಗಾಯಕ್ಕ ಅಂತ ನೀವು ಇನ್ನೊಂದು ಅಂಗಿ ಹೊಲಸ್ತೀರಿ." ಡಾಕ್ಟರು ಕೇಳಿದರು, "ಕನ್ನಡಿ ಮುಂದ ಅಂಗಿ ಇಲ್ದ ನಿಂತದ್ದು ಯಾವಾಗ್ರಿ?"

ಗುರುಬಸವ ಬನಿಯನ್ ಎಳೆದುಕೊಂಡು ಅಂಗಿಯ ಗುಂಡಿ ಹಾಕತೊಡಗಿದ.

"ಈ ಮಾತು ಯಾರ ಮುಂದಾದ್ರೂ ಆಡೀರೇನು? ಮನಿಯಾಗ?"

"ಮನ್ಯಾಗ ಯಾರೂ ಇಲ್ರಿ."

ಡಾಕ್ಟರು ಚೀಟಿಯಲ್ಲಿ ಒಂದು ಹೆಸರು ಬರೆದು ಕೊಟ್ಟು, ಇವರ ಬಳಿ ಹೋಗಿ ಮಾತಾಡಿರೆಂದರು. ಮನಸ್ಸಿನ ಡಾಕ್ಟರು. ಗುರುಬಸವನ ಮುಖ ಕೆಂಪಾಯಿತು. "ಅವರು ಹುಚ್ಚರಿಗೆ ನೋಡೂ ಡಾಕ್ಟರೇನ್ರಿ?"

"ಇಷ್ಟು ವರ್ಷ ಒಬ್ಬರೇ ಹೊರಿ ಹೊತ್ತು ಬಂದವರಿಗೂ ನೋಡ್ತಾರ್ರಿ" ಎಂದರು ಸುಹಾಸಿನಿ.

ಬೇರೆ ಯಾರಾದರೂ ಆಗಿದ್ದರೆ ಪೇಢಾ ಕೊಂಡು ಹಂಚುತ್ತ ಮನೆಗೆ ಹೋಗುತ್ತಿದ್ದರು. ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತ ಗುರುಬಸವನಿಗೆ ಮಾತ್ರ ಯಾರೋ ಕಣ್ಣೆದುರಿಗೇ ದರೋಡೆ ಮಾಡಿದ ಹಾಗಾಗಿತ್ತು. ರೋಗ ಇದೆ ಎಂದು ಹೇಳಿಸಿಕೊಳ್ಳಲು ಹೋದವನಿಗೆ ರೋಗವಿಲ್ಲ ಎಂಬುದು ತಡೆದುಕೊಳ್ಳಲಾಗದ ಸುದ್ದಿಯಾಯಿತು. ಆ ಎದೆ ಇದೆಯೆಂದೇ ಅವನು ಒಬ್ಬನೇ ಉಂಡದ್ದು, ಒಬ್ಬನೇ ಮಲಗಿದ್ದು. ಅದು ಇರಲೇ ಇಲ್ಲವೆಂದರೆ ಇವೆಲ್ಲ ಯಾರ ಸಲುವಾಗಿ? ಚೀಟಿಯನ್ನು ಕಿಟಕಿಯಿಂದ ಹಾರಿಬಿಟ್ಟ.

ಮನೆಗೆ ಬಂದು ಬಾಗಿಲು ಹಾಕಿದ. ಅವನಲ್ಲಿದ್ದದ್ದು ಗಡ್ಡ ಹೆರೆಯುವ ಅಂಗೈಯಗಲದ ಕನ್ನಡಿ. ಅಮ್ಮನ ಹಳೆಯ ಕಪಾಟಿನ ಬಾಗಿಲಲ್ಲಿ ಉದ್ದನೆಯದೊಂದಿತ್ತು, ಅದರ ಮೇಲೆ ಅವನೇ ದೇವರ ಪಟದ ಕ್ಯಾಲೆಂಡರು ತೂಗುಹಾಕಿದ್ದ. ಅದನ್ನು ತೆಗೆದ. ಒಂದೊಂದೇ ಬಿಚ್ಚಿ, ಹಗಲಿನ ಬೆಳಕಲ್ಲಿ ನಿಂತು ನೋಡಿದ.

ಒಬ್ಬ ವಯಸ್ಸಾದ ಗಂಡಸು ನಿಂತಿದ್ದ. ಎದೆಯ ಮೇಲಿನ ಕೂದಲು ನರೆತಿತ್ತು. ಬಿಸಿಲು ಕಾಣದ ಮೈ ಬಿಳಿಚಿಕೊಂಡಿತ್ತು. ಪಟ್ಟಿಯ ಬರೆಗಳಿದ್ದವು. ಬೇರೆ ಏನೂ ಇರಲಿಲ್ಲ. ಕಳ್ಳ ಬಂದಾನೆಂದು ಆಯುಷ್ಯವೆಲ್ಲ ಬಾಗಿಲ ಹಿಂದೆ ಬಡಿಗೆ ಹಿಡಿದು ನಿಂತವನಿಗೆ, ಕಳ್ಳ ಯಾವತ್ತೋ ಊರು ಬಿಟ್ಟು ಹೋದನೆಂದು ಈಗ ತಿಳಿದಂತಾಯಿತು. ಗುರುಬಸವ ಕಪಾಟಿನ ಮುಂದೆ ನೆಲಕ್ಕೆ ಕೂತು ಅತ್ತ. ಕೇಳುವವರು ಯಾರೂ ಇಲ್ಲದ್ದರಿಂದ ದನಿ ತೆಗೆದೇ ಅತ್ತ.

ಆದರೂ ಮನಸ್ಸು ಒಪ್ಪಲಿಲ್ಲ. ಒಬ್ಬ ಡಾಕ್ಟರು ಹೇಳಿದರೆ ಮುಗಿಯಿತೇ? ಕನ್ನಡಿಯೂ ಒಂದೇ. ನೋಡಬೇಕಾದವರು ಜನ, ನಕ್ಕವರು ಜನ. ಅಕ್ಕನಿಗೆ ಫೋನು ಮಾಡಿ ಸುರಗಿಗೆ ಕೂರುತ್ತೇನೆಂದ. ಅವಳು ಸಂತೋಷಕ್ಕೆ ಅತ್ತೇಬಿಟ್ಟಳು. ಅವಳಿಗೆ ಗೊತ್ತಿಲ್ಲದ್ದೇನೆಂದರೆ, ತಮ್ಮ ಬರುತ್ತಿದ್ದದ್ದು ಅರ್ಧ ಅವಳ ಮಗನ ಸಲುವಾಗಿ, ಇನ್ನರ್ಧ ಒಂದು ನಗೆಯ ಸಲುವಾಗಿ. ಒಬ್ಬನಾದರೂ ನಗಲಿ. ಒಬ್ಬ ಮುದುಕಿಯಾದರೂ ಸೆರಗು ಬಾಯಿಗೆ ಅಡ್ಡ ಹಿಡಿಯಲಿ. ಹಾಗಾದರೆ ಡಾಕ್ಟರದ್ದು ಸುಳ್ಳು, ತನ್ನ ಬದುಕು ಖರೆ.

ಉಣಕಲ್ಲಿನ ಮನೆಯ ಅಂಗಳದಲ್ಲಿ ಹಂದರ ಹಾಕಿದ್ದರು. ಚರಗಿಗಳಿಗೆ ನೂಲು ಸುತ್ತಿಯಾಗಿತ್ತು. ವಿಶಾಲ ಪಂಚೆ ಉಟ್ಟು, ಬರಿ ಮೈಯಲ್ಲಿ ಬಂದು ಒಂದು ಮಣೆಯ ಮೇಲೆ ಕೂತ. ಹುಡುಗನಿಗೆ ಇಪ್ಪತ್ತೆಂಟಕ್ಕೇ ಹೊಟ್ಟೆ ಪಂಚೆಯ ಮೇಲೆ ಇಳಿಬಿದ್ದಿತ್ತು. "ಮದುಮಗಗ ಎಷ್ಟು ತಿಂಗಳ್ರಿ?" ಎಂದು ಗೆಳೆಯರು ಕೂಗಿದರು. ವಿಶಾಲ ಹೊಟ್ಟೆಯನ್ನು ತಬಲಾದ ಹಾಗೆ ಬಾರಿಸಿ, "ಒಂಬತ್ತು ತುಂಬ್ಯಾವಲೇ, ತೊಟ್ಲಾ ತರ್ರಿ" ಎಂದ. ಹಂದರವೆಲ್ಲ ನಕ್ಕಿತು, ಅವನೂ ನಕ್ಕ. ಗುರುಬಸವ ಬೆರಗಾಗಿ ನೋಡಿದ. ನಗೆ ಹುಡುಗನ ಮೈಗೆ ತಾಗಿ, ನೀರಿನಂತೆ ಜಾರಿ ಹೋಗಿತ್ತು.

ಶಲ್ಯವನ್ನು ಅಕ್ಕನ ಕೈಗೆ ಕೊಟ್ಟ. ಗುಂಡಿಗಳನ್ನು ಬಿಚ್ಚಿದ. ಬನಿಯನ್ ತೆಗೆದ. ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಬರಿ ಮೈಯಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಮಣೆಯ ಮೇಲೆ ಕೂತು ಆ ನಗೆಗೆ ಕಾದ.

ನಗೆ ಬರಲಿಲ್ಲ. ಯಾರೋ ಮಗುವಿಗೆ ಬೈಯುತ್ತಿದ್ದರು, ಯಾರೋ ಅರಿಷಿಣದ ಬಟ್ಟಲು ಕೇಳುತ್ತಿದ್ದರು. ಕಣ್ಣು ತೆರೆದು ನೋಡಿದರೆ ಎಲ್ಲರ ಕಣ್ಣೂ ಮದುಮಗನ ಮೇಲೆ. ಇವನನ್ನು ಯಾರೂ ನೋಡುತ್ತಲೇ ಇರಲಿಲ್ಲ. ಕಡೆಗೆ ನೋಡಿದವರು ಗುರುಸಿದ್ದಯ್ಯ. ಎಂಬತ್ತು ದಾಟಿದ ಅಯ್ಯನವರು ಕೋಲೂರಿ ಎದ್ದು, ಹಂದರಕ್ಕೆಲ್ಲ ಕೇಳುವಂತೆ ಅಂದರು: "ನೋಡ್ರೆಪಾ, ಶರಣರು ಇವತ್ತ ಅಂಗೀನೂ ಬಿಟ್ರು! ಇನ್ನ ಅವರಿಗೆ ಬಿಡಾಕ ಏನ ಉಳದೈತಿ?"

ಮೂರು ನಾಲ್ಕು ಮಂದಿ ನೂಲಿನ ಹೊರಗಿಂದಲೇ ಬಗ್ಗಿ ನಮಸ್ಕಾರ ಮಾಡಿದರು. ಗುರುಬಸವನಿಗೆ ಎದ್ದು ಓಡಿಹೋಗಬೇಕೆನಿಸಿತು. ಮುಚ್ಚಿಕೊಂಡರೂ ಶರಣ, ಬಿಚ್ಚಿಕೊಂಡರೂ ಶರಣ.

ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ವಿಶಾಲನಿಗೆ ಬಳಿದು, ಇವನಿಗೂ ಭುಜಕ್ಕಿಷ್ಟು ಕೈಗಿಷ್ಟು ಅರಿಷಿಣ ಹಚ್ಚಿ ನೀರೆರೆದು ಹೋದರು. ಕೊನೆಗೆ ಬಂದ ಕೈಯಲ್ಲಿ ಹಸಿರು ಬಳೆಗಳಿದ್ದವು. ಆ ಸದ್ದಿನ ಗುರುತು ಸಿಕ್ಕಿತು. ಗುರುಬಸವ ಈ ಸಲ ನೆಲ ನೋಡಲಿಲ್ಲ, ತಲೆಯೆತ್ತಿದ. ಉಮಾಶ್ರೀ. ಕೆನ್ನೆ ಇಳಿದಿತ್ತು, ಕಣ್ಣು ದೊಡ್ಡವಿದ್ದವು. ಅವಳ ಮುಖವನ್ನು ಅವನು ಸರಿಯಾಗಿ ನೋಡಿದ್ದು ಆ ಹೊತ್ತೇ. ಗದಗಿನ ಕಡೆ, ಹೆಂಡತಿ ತೀರಿದವನಿಗೆ ಅವಳನ್ನು ಕೊಟ್ಟಿದ್ದಾರೆಂದು ಅಕ್ಕ ಒಮ್ಮೆ ಹೇಳಿದ್ದಳು. ಮೇ ತಿಂಗಳ ಆ ಉರಿಯಲ್ಲೂ ಅವಳು ಸೆರಗನ್ನು ಕುತ್ತಿಗೆಯ ಸುತ್ತ ತಂದು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

"ಸೆರಗ ಇಷ್ಟು ಬಿಗದ ಹೊದ್ದೀರಲ್ಲ, ಶಕಿ ಆಗೂದಿಲ್ಲೇನ್ರಿ?"

ಕೇಳಿದ ಮೇಲೆಯೇ ಅವನಿಗೆ ಅದು ಅವಳದೇ ಮಾತೆಂದು ನೆನಪಾದದ್ದು. ಉಮಾಶ್ರೀಯ ಕೈ ಬಟ್ಟಲಲ್ಲೇ ನಿಂತಿತು.

"ಯಾಕ ಹೊದೀತೇನಿ ಅನ್ನೂದು ನಿಮಗ ಗೊತ್ತ ಐತಲ್ರಿ" ಎಂದಳು. ಸಿಟ್ಟಿರಲಿಲ್ಲ. ಹೆಂಗಸರು ಆಚೆ ವಿಶಾಲನಿಗೆ ಇನ್ನೊಂದು ಸುತ್ತು ಅರಿಷಿಣ ಬಳಿಯುವ ಗದ್ದಲದಲ್ಲಿದ್ದರು. ಅವಳು ಸೆರಗನ್ನು ಎರಡು ಬೆರಳಷ್ಟು ಸರಿಸಿದಳು. ಕಿವಿಯ ಕೆಳಗಿಂದ ಹೆಗಲವರೆಗೆ ಹಳೆಯ ಸುಟ್ಟ ಕಲೆ, ಗಂಟುಗಂಟಾಗಿ. "ಸಣ್ಣಾಕಿದ್ದಾಗ ಎಣ್ಣಿ ಬಿದ್ದಿತ್ತು. ಅವತ್ತ ಬಗ್ಗಿ ತಾಟ ಇಡೂವಾಗ ನಿಮ್ಮ ಕಣ್ಣಿಗೆ ಬಿತ್ತು. ನೋಡಿ ಮಾರಿ ತಿರುವಿದ್ರಿ. ತಗಸಬೇಕಂತ ಡಾಕ್ಟರ ಕಡೀಗೂ ಹೋಗಿದ್ದೆ. ನಿನ್ನ ಚರ್ಮ ಗಂಟು ಕಟ್ಟೂವಂಥಾದ್ದು, ಕೊಯ್ದರ ಮತ್ತೀಟು ದೊಡ್ಡದಾಗತೈತಿ, ನಿನಗ ಮಾಡಾಕ ಬರೂದಿಲ್ಲ ಅಂದ್ರು. ಮುಂದ ಎರಡನೇ ಸಂಬಂಧ ಬಂತು. ನನ್ನ ಹಣೇಬರಾ ಇಷ್ಟೇ ಅಂತ ತಿಳಕೊಂಡು ಹೂಂ ಅಂದೆ."

"ನಾ ನೋಡಿಲ್ರಿ" ಎಂದ ಗುರುಬಸವ. "ಖರೇನ ನೋಡಿಲ್ಲ. ನಾ ನೋಡಿದ್ದು ನಿಮ್ಮ ಕೈಯಾಗಿನ ಹಸರ ಬಳಿ ಅಷ್ಟ."

ಅವಳು ನಕ್ಕಳು. "ಇನ್ನೊಬ್ಬರ ಮನಸಿಗೆ ನೋವಾಗಬಾರದಂತ ಹಂಗಂತೀರಿ. ಶರಣರಿಗೆ ಅದು ಸಹಜ ಬಿಡ್ರಿ."

"ಶರಣ ಅಲ್ರಿ ನಾ. ಅವತ್ತ ನಾ ನನ್ನ ಮೈಗೆ ನಾಚಿ ಬ್ಯಾಡ ಅಂದೆ. ಈ ಮೈಗೆ."

ಉಮಾಶ್ರೀ ನೋಡಿದಳು. ಹಂದರದ ಬಿಸಿಲಲ್ಲಿ, ನೀರು ಅರಿಷಿಣ ಇಳಿಯುತ್ತಿದ್ದ ಅವನ ಎದೆಯನ್ನು, ಹೊಟ್ಟೆಯನ್ನು, ತೋಳನ್ನು ಸಂಕೋಚವಿಲ್ಲದೆ, ಕಳೆದುಹೋದದ್ದನ್ನು ಹುಡುಕುವವರ ಹಾಗೆ ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು: "ನಿಮ್ಮ ಮೈಗೇನಾಗೇತ್ರಿ?"

ಗುರುಬಸವ ತಲೆ ತಗ್ಗಿಸಿ ತನ್ನ ಎದೆ ನೋಡಿಕೊಂಡ. ತೋರಿಸಲು ಏನೂ ಇರಲಿಲ್ಲ. ಆ ಧೋತರದ ಪಟ್ಟಿಯ ಬರೆ ಕೂಡ ಅರಿಷಿಣದಲ್ಲಿ ಮುಚ್ಚಿಹೋಗಿತ್ತು.

"ದೊಡ್ಡವರ ಮಾತು ನಮಗೆಲ್ಲಿ ತಿಳೀಬೇಕ್ರಿ" ಎಂದಳು ಉಮಾಶ್ರೀ. ಅವನ ಎರಡೂ ಭುಜಕ್ಕೆ ಅರಿಷಿಣ ಹಚ್ಚಿದಳು. ಅಂಗೈ ತಣ್ಣಗಿತ್ತು. ತಂಬಿಗೆಯಿಂದ ನೀರೆರೆದು, ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೂಲು ದಾಟಿ ಹೆಂಗಸರ ಗುಂಪಿಗೆ ಹೋಗುವ ಮೊದಲು ಸೆರಗನ್ನು ಮತ್ತೆ ಕುತ್ತಿಗೆಯ ಸುತ್ತ ತಂದು, ಎಳೆದು, ಬಿಗಿದುಕೊಂಡಳು. ಅದನ್ನು ಬಿಗಿದದ್ದು ತಾನೇ ಎಂದು ಗುರುಬಸವನಿಗೆ ಗೊತ್ತಾಯಿತು. ಬಿಚ್ಚಲು ಅವನ ಕೈಗೆ ಅದು ಎಟುಕುವಂತಿರಲಿಲ್ಲ.

"ಮಾಮಾ, ಛಳಿ ಆತೇನ್ರಿ? ನಡಗಾಕತ್ತೀರಲ್ಲ" ಎಂದು ಪಕ್ಕದಿಂದ ವಿಶಾಲ ಅವನ ಹೆಗಲ ಮೇಲೆ ಒದ್ದೆ ಕೈ ಹಾಕಿದ. ಇಲ್ಲವೆಂದು ಗುರುಬಸವ ತಲೆಯಾಡಿಸಿದ.